ಬಾಕಿ ಉಳಿದ ಮನೆ

ಜೂನ್ ೨೯, ಭಾನುವಾರ

ಇವರ ತಿಥಿ ಮುಗಿಯಿತು. ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದರು, ನೆಂಟರು ಡಬ್ಬಿಗೆ ವಡೆ ತುಂಬಿಕೊಂಡು ಹೋದರು. ಉಳಿದದ್ದು ಅತ್ತೆ, ನಾನು, ಮಗಳು ಧನು, ಮತ್ತು ನಡುಮನೆಯಲ್ಲಿ ಸ್ಟ್ಯಾಂಡ್ ಹಾಕಿಕೊಂಡು ನಿಂತಿರುವ ಇವರ ಸೈಕಲ್ಲು.

ಈ ಡೈರಿಯೂ ಇವರದೇ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದನ್ನು ತಂದು ಟಿವಿ ಮೇಲಿಟ್ಟರು, ಒಂದಕ್ಷರ ಬರೆಯಲಿಲ್ಲ. ನನಗೆ ಯಾರ ಹತ್ತಿರವೂ ಮಾತಾಡಲು ಮನಸ್ಸಿಲ್ಲ, ಹಾಗಂತ ತಲೆಯೊಳಗಿನ ಮಾತು ನಿಲ್ಲುವುದೂ ಇಲ್ಲ. ಅದಕ್ಕೇ ಇದರಲ್ಲಿ ಗೀಚುತ್ತಿದ್ದೇನೆ.

ನಾಗಮಂಗಲದಿಂದ ಬಂದಿದ್ದ ದ್ಯಾವಯ್ಯ ಬಾವ ಹೊರಡುವಾಗ, ಸೈಕಲ್ ಯಾರಿಗಾದರೂ ಕೊಟ್ಟುಬಿಡಿ ಎಂದರು. ಹೋದವರು ದಿನಾ ಕೈಯಲ್ಲಿ ಹಿಡಿದ ವಸ್ತು ಮನೆಯಲ್ಲಿ ಇರಬಾರದಂತೆ. ಬಟ್ಟೆ, ಚಪ್ಪಲಿ, ಚಾಪೆ ಎಲ್ಲ ಕೊಟ್ಟಾಗಿದೆ. ಸೈಕಲ್ಲಿಗೆ ಮಾತ್ರ ಅತ್ತೆ ಒಪ್ಪಲಿಲ್ಲ. "ನನ್ ಮಗ ವರ್ತನೆ ಅರ್ಧಕ್ಕೆ ಬುಟ್ಟೋಗವ್ನೆ. ಅದ ಮುಗಿಸ್ದೆ ಎಲ್ಲೋದಾನು? ಸೈಕಲ್ಲು ಇಲ್ಲೇ ಇರ್ಲಿ ಬುಡು" ಎಂದರು.

ನಮ್ಮದು ವರ್ತನೆ ಹೂವಿನ ಬದುಕು, ಅಂದರೆ ಗೊತ್ತಾದ ಮನೆಗಳಿಗೆ ದಿನಾ ತಪ್ಪದೆ ಹೂ ಹಾಕುವುದು. ಸಂಜೆ ಹೇಮಗಿರಿ ಕಡೆಯ ಬಸ್ಸಿನಲ್ಲಿ ಬಿಡಿ ಹೂ ಬರುತ್ತದೆ. ನಾನೂ ಅತ್ತೆಯೂ ಕಟ್ಟುತ್ತೇವೆ. ಬೆಳಕು ಹರಿಯುವ ಮುಂಚೆ ಇವರು ಸೈಕಲ್ ಮೇಲೆ ಹೋಗಿ, ಗೊತ್ತಾದ ಮನೆಗಳ ಚಿಲಕಕ್ಕೆ ಹೂವಿನ ಪೊಟ್ಟಣ ಸಿಕ್ಕಿಸಿ, ಎರಡು ಸಲ ಬೆಲ್ ಹೊಡೆದು ಮುಂದಕ್ಕೆ ಹೋಗುತ್ತಿದ್ದರು. ಎರಡು ಬೆಲ್ ಎಂದರೆ ಹೂ ಬಂದಿದೆ, ಏಳಬೇಡಿ, ಮಲಗಿರಿ ಎಂದು. ಕೆ.ಆರ್. ಪೇಟೆಯಲ್ಲಿ ಆ ಬೆಲ್ಲಿಗೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಅವತ್ತು ಸೋಮಮ್ಮನವರ ಮನೆಗೆ ಹೂ ಸಿಕ್ಕಿಸಿದವರು ಅವರದೇ ಜಗಲಿಯ ಮೇಲೆ ಕೂತರು. ಹಾಗೇ ಹೋಗಿಬಿಟ್ಟರು. ಎದೆ ಹಿಡಿದುಕೊಂಡಿರಬೇಕು ಎಂದರು ಆಸ್ಪತ್ರೆಯಲ್ಲಿ. ಸೋಮಮ್ಮನ ಮನೆಯಿಂದಾಚೆಗಿನ ಹೂವೆಲ್ಲ ಚೀಲದಲ್ಲೇ ಬಾಡಿತು.

ಜುಲೈ ೧, ಮಂಗಳವಾರ

ಇವರು ಹೊರಡುವ ಹೊತ್ತಿಗೆ ಸರಿಯಾಗಿ ನಡುಮನೆಯಲ್ಲಿ ಬೆಲ್ ಆಯಿತು. ಒಂದೇ ಸಲ, ಅರ್ಧ. ಎದ್ದು ಹೋಗಿ ನೋಡಿದೆ, ಯಾರೂ ಇಲ್ಲ. ಅತ್ತೆ ಮಲಗಿದ್ದಲ್ಲಿಂದಲೇ "ಒಂಟ ಕಣಮ್ಮಿ" ಎಂದು ಮಗ್ಗುಲು ಬದಲಿಸಿದರು.

ಜುಲೈ ೫, ಶನಿವಾರ

ಬಾವನ ಮಗ ಅಪ್ಪು ಬಂದು, ಸೈಕಲ್ ಮುಟ್ಟದೆ ನಡೆದುಕೊಂಡೇ ಒಂದು ವಾರ ಹೂ ಹಾಕಿದ. ಇವತ್ತು ಅವನಿಗೆ ರಜೆ ಮುಗಿಯಿತು, ನಾಗಮಂಗಲದ ಬಸ್ಸು ಹತ್ತಿದ. ಇನ್ನು ಯಾರು?

ನಾನು ಹಾಕಬಾರದು. ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಬೆಳಗೆದ್ದು ಬಾಗಿಲು ತೆಗೆದರೆ ಗಂಡ ಸತ್ತವಳು ಹೂ ಹಿಡಿದು ನಿಂತಿರುವುದು ಯಾವ ಮನೆಗೆ ಬೇಕು? ಒಳಗೆ ಕೂತು ಕಟ್ಟಿದರೆ ನಡೆಯುತ್ತದೆ, ಕಟ್ಟಿದವಳ ಮುಖ ಹೂವಿನಲ್ಲಿ ಕಾಣುವುದಿಲ್ಲವಲ್ಲ. ಈ ಊರಿನ ಶಾಸ್ತ್ರಕ್ಕೆ ಕಣ್ಣು ಮಾತ್ರ ಇದೆ, ಮೂಗಿಲ್ಲ.

ಆದರೆ ಹೂ ನಿಂತರೆ ನಮ್ಮ ಒಲೆಯೂ ನಿಲ್ಲುತ್ತದೆ. ಅತ್ತೆಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಸಾರು ಕುದಿಯುವುದನ್ನು ನೋಡುತ್ತಾ ಕೂತೆವು.

ಜುಲೈ ೯, ಬುಧವಾರ

ಗ್ಯಾಸ್ ಸಿಲಿಂಡರ್ ಮುಗಿಯಿತು. ಆಟೋದವನು ನಮ್ಮ ಸಂದಿಗೆ ಬರುವುದಿಲ್ಲ. ಸೈಕಲ್ ಮುಟ್ಟಲು ಧೈರ್ಯ ಬರಲಿಲ್ಲ, ಮುಟ್ಟದೆ ವಿಧಿಯೂ ಇರಲಿಲ್ಲ. ಕ್ಯಾರಿಯರ್ ಮೇಲೆ ಸಿಲಿಂಡರ್ ಅಡ್ಡ ಮಲಗಿಸಿ, ಅವರು ಕಟ್ಟುತ್ತಿದ್ದ ಟ್ಯೂಬಿನಿಂದಲೇ ಬಿಗಿದು ತಳ್ಳಿಕೊಂಡು ಬಂದೆ. ಚರಂಡಿ ಕಲ್ಲು ಹಾಯುವಾಗ ಬೆಲ್ ತಾನೇ ಹೊಡೆದುಕೊಂಡಿತು. ಮೈಯೆಲ್ಲ ಜುಮ್ಮೆಂದಿತು. ಹೆಬ್ಬೆರಳಲ್ಲಿ ಒತ್ತುವ ಬೆಲ್ಲಿನ ಕಿವಿ ಯಾಕೋ ಬಗ್ಗಿದೆ, ಅದಕ್ಕೇ ಇರಬೇಕು.

ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ಅವರ ಮಂಕಿ ಟೋಪಿ ಸಿಕ್ಕಿತು. ಕೊಡುವ ಬಟ್ಟೆಗಳಲ್ಲಿ ಇದನ್ನು ಮರೆತಿದ್ದೆವು. ಇನ್ನೂ ಎಣ್ಣೆಯ ವಾಸನೆ ಇದೆ. ಅತ್ತೆ ಟೋಪಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನೀ ಅವ್ನಷ್ಟೇ ಉದ್ದ ಇದ್ದೀಯ" ಎಂದರು. ಅಷ್ಟೇ ಹೇಳಿದ್ದು.

ಜುಲೈ ೧೩, ಭಾನುವಾರ

ಹೋಗಿಬಂದೆ.

ಚೂಡಿದಾರದ ಮೇಲೆ ಜರ್ಕಿನ್, ಕಣ್ಣು ಮಾತ್ರ ಕಾಣುವಂತೆ ಟೋಪಿ. ನಾನು ಸೈಕಲ್ ಕಲಿತದ್ದು ಎಂಟನೇ ತರಗತಿಯಲ್ಲಿ ಸರ್ಕಾರದವರು ಕೊಟ್ಟ ಸೈಕಲ್ಲಿನಲ್ಲಿ. ಅದಕ್ಕೆ ಮುಂದೆ ಬಾರ್ ಇರಲಿಲ್ಲ, ಇದಕ್ಕಿದೆ. ಸಂದಿಯ ಕೊನೆಯವರೆಗೂ ತಳ್ಳಿಕೊಂಡು ಹೋಗಿ ಒಂದು ಕಲ್ಲಿನ ಮೇಲೆ ನಿಂತು ಹತ್ತಿದೆ. ಹತ್ತಿದ ಮೇಲೆ ವಿಚಿತ್ರವೆಂದರೆ ದಾರಿ ಸೈಕಲ್ಲಿಗೇ ಗೊತ್ತಿದ್ದಂತೆ ಇತ್ತು. ಯಾವ ಗೇಟು ಕಿರುಗುಟ್ಟುತ್ತದೆ, ಯಾವ ಮನೆಯ ನಾಯಿಗೆ ಬಿಸ್ಕತ್ತು ಎಸೆಯಬೇಕು ಎಂದು ಅವರು ಊಟಕ್ಕೆ ಕೂತಾಗ ಹೇಳುತ್ತಿದ್ದದ್ದೆಲ್ಲ ನನ್ನ ತಲೆಯಲ್ಲೇ ಇತ್ತು. ಆಗ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ.

ಕೇಳಿದವರಿಗೆ ಅಪ್ಪುವೇ ಹಾಕುತ್ತಿದ್ದಾನೆ ಎಂದು ಹೇಳುವುದೆಂದು ಮಾತಾಗಿದೆ.

ಸೋಮಮ್ಮನವರ ಮನೆಗೆ ಹೂ ಒಯ್ಯಲಿಲ್ಲ. ಆ ಜಗಲಿಯ ಹತ್ತಿರ ನನಗೆ ಆಗುವುದಿಲ್ಲ. ಅವರೂ ಹೂ ಬೇಕೆಂದು ಹೇಳಿ ಕಳಿಸಿಲ್ಲ. ತಲೆ ಬಗ್ಗಿಸಿಕೊಂಡು ದಾಟಿ ಹೋಗುತ್ತಿದ್ದೆ, ಹೆಬ್ಬೆರಳು ತಾನಾಗಿ ಎರಡು ಸಲ ಬೆಲ್ ಒತ್ತಿತು. ಯಾಕೆ ಒತ್ತಿತೋ.

ಜುಲೈ ೧೪, ಸೋಮವಾರ

ಮೈ ಕೈ ನೋವು. ಹೋಗಿಬಂದೆ.

ಆಗಸ್ಟ್ ೮, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಕೈ ಬೆರಳು ಸವೆಯುವಷ್ಟು ಕಟ್ಟಿದೆವು. ಚೀಲ ಸಾಲದೆ ಕ್ಯಾರಿಯರಿಗೆ ಬಿದಿರಿನ ಮಂಕರಿ ಕಟ್ಟಿದೆ. ಪೇಟೆಯ ಅಷ್ಟೂ ಮುತ್ತೈದೆಯರ ಮನೆಯ ಲಕ್ಷ್ಮಿ ಇವತ್ತು ನನ್ನ ಕೈಯಿಂದ ಬಂದ ಹೂ ಮುಡಿದು ಕೂತಿದ್ದಾಳೆ. ಯಾರ ಮನೆಯ ಕಲಶವೂ ಉರುಳಿಲ್ಲ. ಟೋಪಿಯೊಳಗೇ ನಗು ಬಂತು, ಎಷ್ಟೋ ದಿನದ ಮೇಲೆ.

ಮನೆಗೆ ಬಂದರೆ ಕಾಫಿ ಇವರ ಸ್ಟೀಲ್ ಲೋಟದಲ್ಲಿತ್ತು. ಅತ್ತೆ ಮರೆತು ಹಾಕಿರಬೇಕು. ಕುಡಿದೆ.

ಆಗಸ್ಟ್ ೨೧, ಗುರುವಾರ

ಈಗ ಸೈಕಲ್ ಇಲ್ಲದೆ ಯಾವ ಕೆಲಸವೂ ಸಾಗುವುದಿಲ್ಲ. ಫಿಲ್ಟರ್ ನೀರಿನ ಕ್ಯಾನು ಅದರ ಮೇಲೆ, ಸೊಸೈಟಿಯ ಅಕ್ಕಿ ಅದರ ಮೇಲೆ. ಧನುವಿಗೆ ಸ್ಕೂಲಿಗೆ ಹೊತ್ತಾದರೆ ಅವಳೂ ಅದರ ಮೇಲೆ. ನಿನ್ನೆ ಅತ್ತೆಯ ಮಂಡಿ ನೋವಿಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕ್ಯಾರಿಯರಿಗೆ ದಿಂಬು ಕಟ್ಟಿ ಕೂರಿಸಿ ತಳ್ಳಿದೆ. ಬಸ್ ಸ್ಟ್ಯಾಂಡ್ ಹತ್ತಿರ ಜನ ನೋಡುತ್ತಿದ್ದರೆ ಅತ್ತೆ ಜಂಬೂಸವಾರಿಗೆ ಹೊರಟವರಂತೆ ನೆಟ್ಟಗೆ ಕೂತಿದ್ದರು. ಹಗಲು ಹೊತ್ತು ನಾನು ಸೈಕಲ್ ತಳ್ಳಿದರೆ ಯಾರಿಗೂ ತೊಂದರೆ ಇಲ್ಲ. ಬೆಳಗಿನ ಹೊತ್ತು, ಹೂ ಹಿಡಿದು, ಅಷ್ಟೇ ತೊಂದರೆ.

ನೀರಿನ ಘಟಕದ ಹತ್ತಿರ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಸೋಮಮ್ಮನ ಮನೆಗೆ ಯಾರೂ ಹೂ ಹಾಕುವುದಿಲ್ಲವಂತೆ, ಆದರೂ ದಿನಾ ಬೆಳಿಗ್ಗೆ ಬಾಗಿಲಲ್ಲಿ ಬೆಲ್ ಆಗುತ್ತದಂತೆ. ಚಲುವರಾಜು ವರ್ತನೆ ಮುಗಿಸಲು ಬರುತ್ತಿದ್ದಾನೆ ಎಂದು ಒಬ್ಬಳು ಇವರ ಹೆಸರು ಹಿಡಿದು ಅಂದಳು. ಆ ಬೀದಿಯ ಬೇರೆ ಮನೆಗಳಿಗೆ ಹೂ ಹಾಕುವ ಅಪ್ಪುವಿನ ಬೆಲ್ ಇರಬೇಕು ಎಂದೆ. ಅಪ್ಪು ನಾಗಮಂಗಲದಲ್ಲಿ ಇದ್ದಾನೆ, ದಿನಾ ಅಲ್ಲಿ ಬೆಲ್ ಒತ್ತುವುದು ನನ್ನದೇ ಹೆಬ್ಬೆರಳು ಎಂದು ನೆನೆದು ನನಗೇ ಬೆನ್ನು ತಣ್ಣಗಾಯಿತು.

ನಾನು ಕೆಮ್ಮುವುದು ಅಪ್ಪನ ಹಾಗೇ ಇದೆ ಎಂದು ಧನು ಅಳುಮುಖ ಮಾಡುತ್ತಾಳೆ. ಬೆಳಗಿನ ಥಂಡಿಗೆ ಯಾರಿಗಾದರೂ ಕೆಮ್ಮು ಬರುತ್ತದೆ.

ಸೆಪ್ಟೆಂಬರ್ ೫, ಶುಕ್ರವಾರ

ಇದನ್ನು ಬರೆಯಲೇಬೇಕು.

ಬೆಲ್ಲಿನ ಕಿವಿ ಸಿಕ್ಕಿಕೊಳ್ಳುತ್ತಿತ್ತು ಎಂದು ಮುದ್ದಯ್ಯನವರ ಸೈಕಲ್ ಅಂಗಡಿಗೆ ಒಯ್ದೆ. ಸೋಮಮ್ಮನವರ ಬೀದಿಯಲ್ಲೇ ಅವರ ಅಂಗಡಿ, ಹಿಂದೆಯೇ ಮನೆ. ಅವತ್ತು ಇವರನ್ನು ಮೊದಲು ನೋಡಿದವರೂ ಅವರೇ. ಬೆಲ್ ಬಿಚ್ಚಿ ಬಗ್ಗಿದ ಕಿವಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಹೇಳಿದರು.

"ನಿಂಗೆ ಯೋಳ್ಬಾರ್ದು ಅಂತಿದ್ದೆ ಕಣವ್ವ. ಅವತ್ತು ಎರಡು ಬೆಲ್ಲಿಗೆ ನಿಲ್ಲಿಸ್ನಿಲ್ಲ ಅವ್ನು. ಜಗಲಿ ಮ್ಯಾಲೆ ಕೂತ್ಕಂಡು, ಕೈಗೆ ಎಟುಕಿದ್ದು ಅದೊಂದೇ ಅಂತ ಕಾಣ್ತದೆ, ಒಡೀತಾನೇ ಇದ್ದ. ಕಿವಿ ಬಗ್ಗಿರೋದು ಅದಕ್ಕೇಯ."

ಯಾರೂ ಬಾಗಿಲು ತೆಗೆಯಲಿಲ್ಲವೇ ಎಂದು ಕೇಳಿದೆ. ಸೋಮಮ್ಮ ಪೂಜೆಗೆ ಕೂತಿದ್ದರಂತೆ, ಅವರ ಯಜಮಾನರಿಗೆ ಕಿವಿ ಮಂದ. "ನಂಗೂ ಕೇಳಿಸ್ತು. ಹಲ್ಲುಜ್ತಾ ಇದ್ದೆ. ವರ್ತನೆ ಬೆಲ್ಲು ತಾನೆ, ಅದಕ್ಯಾರು ಏಳ್ತಾರೆ ಅಂದ್ಕಂಡೆ" ಎಂದು ಮುದ್ದಯ್ಯ ಕಣ್ಣೊರೆಸಿಕೊಂಡರು.

ಮುದ್ದಯ್ಯನ ಮೇಲೆ ಸಿಟ್ಟು ಬರಲಿಲ್ಲ. ಅವರು ಅತ್ತರು. ಆದರೆ ಅವಳು? ಬಾಗಿಲ ಆಚೆ ಒಂದು ಗೇಣು ದೂರದಲ್ಲಿ ನನ್ನ ಗಂಡ ಸಾಯುತ್ತಿದ್ದರು, ಒಳಗೆ ಕೂತು ದೇವರಿಗೆ ಕೈ ಮುಗಿಯುತ್ತಿದ್ದಳು. ಇಷ್ಟು ದಿನವಾದರೂ ನಮ್ಮ ಮನೆಯ ಕಡೆ ಒಂದು ಹೆಜ್ಜೆ ಇಟ್ಟಿಲ್ಲ. ಇನ್ನು ಅವಳನ್ನು 'ಅವರು' ಎಂದು ಬರೆಯಲಾರೆ.

ಸೆಪ್ಟೆಂಬರ್ ೬, ಶನಿವಾರ

ಬೆಲ್ ಈಗ ಚೆನ್ನಾಗಿ ಹೊಡೆಯುತ್ತದೆ. ಅವಳ ಮನೆಯ ಮುಂದೆ ಹೊಡೆದೆ. ಎರಡು ಸಲ ಅಲ್ಲ.

ಸೆಪ್ಟೆಂಬರ್ ೭, ಭಾನುವಾರ

ಇವತ್ತೂ. ಒಳಗೆ ದೀಪ ಹತ್ತಿತು, ಆರಿತು.

ಸೆಪ್ಟೆಂಬರ್ ೯, ಮಂಗಳವಾರ

ಇವತ್ತು ನಿಧಾನಕ್ಕೆ ಹೊಡೆದೆ, ಶಕ್ತಿ ಕುಂದುತ್ತಿರುವವರು ಹೊಡೆಯುವ ಹಾಗೆ. ಒಳಗೆ ಏನೋ ಬಿದ್ದ ಸದ್ದಾಯಿತು.

ಸೆಪ್ಟೆಂಬರ್ ೧೫, ಸೋಮವಾರ

ಸೋಮಮ್ಮ ಊಟ ಬಿಟ್ಟಿದ್ದಾಳಂತೆ. ಕೈಗೆ ತಾಯತ ಕಟ್ಟಿಸಿದ್ದಾರೆ, ಬಾಗಿಲಿಗೆ ಹಳೆ ಚಪ್ಪಲಿ ನೇತುಹಾಕಿದ್ದಾರೆ. ದಸರಾ ಕಳೆದ ಮೇಲೆ ಆ ಜಗಲಿಯನ್ನೇ ಒಡೆಸಿ ಹಾಕುತ್ತಾರಂತೆ. ಕೇಳಿ ಹೊಟ್ಟೆ ತಣ್ಣಗಾಯಿತು. ರಾತ್ರಿ ಚೆನ್ನಾಗಿ ಊಟ ಮಾಡಿದೆ.

ಸೆಪ್ಟೆಂಬರ್ ೨೧, ಭಾನುವಾರ

ಮಹಾಲಯ ಅಮಾವಾಸ್ಯೆ. ಇವರಿಗೆ ಮೊದಲ ಎಡೆ.

ಇವರಿಗೆ ಸೇರುವುದನ್ನೆಲ್ಲ ಮಾಡಿದೆವು. ಉದ್ದಿನ ವಡೆ, ಕಜ್ಜಾಯ, ಬಾಡಿನ ಸಾರು, ಒಂದು ಕಟ್ಟು ಬೀಡಿ. ನಡುಮನೆಯಲ್ಲಿ ಎಲೆ ಹಾಕಿ ಬಡಿಸಿ, ಹೊಸ ಪಂಚೆ ಇಟ್ಟು, ಧೂಪ ಹಾಕಿದೆವು. ಆಮೇಲೆ ಹೋದವರು ಬಂದು ನೆಮ್ಮದಿಯಾಗಿ ಉಣ್ಣಲಿ ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ನಾವು ಮೂವರೂ ಆಚೆ ಕೂತೆವು. ಮನೆಯಲ್ಲಿ ದೊಡ್ಡವರು ಎದ್ದು ಬಾಗಿಲು ತಟ್ಟುವವರೆಗೂ ಯಾರೂ ತೆಗೆಯುವಂತಿಲ್ಲ.

ಒಳಗೆ ಬೆಲ್ ಆಯಿತು.

ಎರಡು ಸಲ ಆಗಿ ನಿಂತಿದ್ದರೆ ಸರಿ. ನಿಲ್ಲಲಿಲ್ಲ. ಬಿಟ್ಟು ಬಿಟ್ಟು ಹೊಡೆಯುತ್ತಲೇ ಇತ್ತು. ಧನು ನನ್ನ ತೊಡೆಗೆ ಮುಖ ಒತ್ತಿಕೊಂಡಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು. ಬೆಲ್ ನಿಂತ ಮೇಲೂ ಸ್ವಲ್ಪ ಹೊತ್ತು ಕೂತು, ಆಮೇಲೆ ಎದ್ದು ಬಾಗಿಲು ತಟ್ಟಿದರು. ಒಳಗೆ ಎಲ್ಲ ಇಟ್ಟಲ್ಲೇ ಇತ್ತು. ಒಂದು ವಡೆ ಮಾತ್ರ ಅರ್ಧ ಆಗಿತ್ತು.

ಇಲಿ. ಬೆಲ್ಲಿನ ಮೇಲಕ್ಕೆ ಹತ್ತಿರಬೇಕು.

"ಇಲಿಯೋ ಉಲಿಯೋ, ಯಾವ್ದೋ ಒಂದು ಮನೆ ಬಾಕಿ ಅದೆ ಕಣಮ್ಮಿ. ನೀ ಯಾವ ಮನೆ ಬುಡ್ತಿದ್ದೀಯ?" ಎಂದು ಅತ್ತೆ ಕೇಳಿದರು. ನಾನು ಧೂಪದ ಬೂದಿ ಗುಡಿಸತೊಡಗಿದೆ.

ಸೆಪ್ಟೆಂಬರ್ ೨೨, ಸೋಮವಾರ

ಅವಳ ಬೀದಿಗೆ ಹೋಗಲಿಲ್ಲ. ಸುತ್ತು ಬಳಸಿ ಹೋದೆ.

ಅಕ್ಟೋಬರ್ ೧, ಬುಧವಾರ

ಆಯುಧಪೂಜೆ. ನಮಗೆ ಈ ವರ್ಷ ಹಬ್ಬವಿಲ್ಲ. ಆದರೂ ಅತ್ತೆ ಸೈಕಲ್ ತೊಳೆದು ಹ್ಯಾಂಡಲ್ಲಿಗೆ ಒಂದು ಮೊಳ ಸೇವಂತಿಗೆ ಸುತ್ತಿದರು. ಅದು ದುಡಿಯುತ್ತಿದೆ, ಅದಕ್ಕೆ ಸೂತಕ ಇಲ್ಲ ಎಂದರು.

ಬೆಳಿಗ್ಗೆ ನಾನು ಬಂದು ಗೇಟಿನಲ್ಲಿ ಎರಡು ಸಲ ಬೆಲ್ ಹೊಡೆದೆ. ಯಾವಾಗಿನಿಂದ ಹಾಗೆ ಹೊಡೆಯುತ್ತಿದ್ದೇನೋ ನನಗೇ ಗೊತ್ತಿಲ್ಲ. ಧನು ನಿದ್ದೆಗಣ್ಣಿನಲ್ಲಿ ಹೊರಗೆ ಓಡಿ ಬಂದು "ಅಪ್ಪ" ಎಂದಳು. ಟೋಪಿ ತೆಗೆದೆ. ನನ್ನ ಮುಖ ನೋಡಿ ಅವಳು ಅತ್ತಳಲ್ಲ, ಹಾಗೆ ತಿಥಿಯ ದಿನವೂ ಅತ್ತಿರಲಿಲ್ಲ. ಇವಳಿಗೆ ನಾನು ಏನಾಗಿ ಕಾಣುತ್ತಿದ್ದೇನೆ? ನೀರಿನ ಘಟಕದ ಹೆಂಗಸರು ಹೇಳುವ ದೆವ್ವ ನಾನೇ ಅಲ್ಲವೇ?

ಮಹಾಲಯದ ದಿನದಿಂದ ಒಂದು ಮಾತು ಬರೆಯದೆ ಬಿಟ್ಟಿದ್ದೇನೆ. ಅವತ್ತು ಒಳಗೆ ಬೆಲ್ ಹೊಡೆಯುತ್ತಿದ್ದರೆ ನಾನು ಆಚೆ ಕೂತಿದ್ದೆ. ನಡುವೆ ಇದ್ದದ್ದು ಒಂದು ಬಾಗಿಲು, ಅಗುಳಿಯೂ ಹಾಕಿರಲಿಲ್ಲ. ಶಾಸ್ತ್ರವಲ್ಲ ಎಂದು ನಾನೂ ತೆಗೆಯಲಿಲ್ಲ.

ಅಕ್ಟೋಬರ್ ೨, ಗುರುವಾರ

ಇವತ್ತು ಸೋಮಮ್ಮನ ಮನೆಗೂ ಒಂದು ಪೊಟ್ಟಣ ಹಾಕಿಕೊಂಡೆ. ಅವಳಿಗಾಗಿ ಅಲ್ಲ, ಇವರ ವರ್ತನೆ ಮುಗಿಯಲಿ ಎಂದು. ಚಿಲಕಕ್ಕೆ ಸಿಕ್ಕಿಸಿ, ಎರಡು ಬೆಲ್ ಹೊಡೆದು ಹೋಗಿಬಿಡುವುದೆಂದು ಲೆಕ್ಕ.

ಸೈಕಲ್ ನಿಲ್ಲಿಸಿದೆ. ಜಗಲಿ ನೋಡಿದೆ. ಇಷ್ಟು ಚಿಕ್ಕ ಜಗಲಿ. ಒಬ್ಬರು ಕಾಲು ನೀಡುವಷ್ಟೂ ಇಲ್ಲ. ಬೆಲ್ಲಿಗೆ ಕೈ ಹಾಕುವ ಮೊದಲೇ ಬಾಗಿಲು ತೆರೆಯಿತು. ಸೋಮಮ್ಮ ಹೊಸಿಲಾಚೆ ನಿಂತಿದ್ದಳು. ಕೂದಲು ಕೆದರಿತ್ತು, ಕಣ್ಣು ಗುಳಿ ಬಿದ್ದಿತ್ತು, ಗುರುತು ಸಿಗದಷ್ಟು ಇಳಿದಿದ್ದಳು. ದೀಪ ಅವಳ ಹಿಂದೆ ಇತ್ತು. ಅವಳಿಗೆ ಕಂಡದ್ದು ಟೋಪಿ, ಜರ್ಕಿನ್, ಸೈಕಲ್ಲು ಇಷ್ಟೇ.

ಕೈ ಮುಗಿದಳು. "ಚಲುವ, ತಪ್ಪಾಯ್ತು ಕಣಪ್ಪ. ಹೂವು ಮಡಗಿ ಓಯ್ತಾ ಇದ್ದೀಯ ಅಂದ್ಕಂಡೆ. ಅವತ್ತು ತೆಗೀನಿಲ್ಲ, ಅವತ್ತಿಂದ ದಿನಾ ಬಾಗ್ಲು ಹಿಂದ್ಗಡೇನೆ ಕೂತಿವ್ನಿ. ಇವತ್ತು ತೆಗ್ದಿವ್ನಿ ನೋಡು. ಒಳಕ್ ಬಾ" ಎಂದಳು.

ನಾನು ಬಾಯಿ ಬಿಟ್ಟಿದ್ದರೆ ಹೆಣ್ಣು ದನಿ ಬರುತ್ತಿತ್ತು. ಬಿಡಲಿಲ್ಲ. ಅವಳ ಬೊಗಸೆಯಲ್ಲಿ ಹೂ ಇಟ್ಟೆ. ಇವರು ಮಾಡುತ್ತಿದ್ದ ಹಾಗೆ ತಲೆಯನ್ನು ಒಂದು ಸಲ ಬಲಕ್ಕೆ ಆಡಿಸಿದೆ, ಇರಲಿ ಬಿಡಿ ಎನ್ನುವಂತೆ. ಅವಳು ಹೂವಿಗೆ ಮುಖ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ನಾನು ಸೈಕಲ್ ಹತ್ತಿದೆ, ಎರಡು ಸಲ ಬೆಲ್ ಹೊಡೆದೆ.

ಇವರು ಅವಳನ್ನು ಕ್ಷಮಿಸಿದರು. ಬದುಕಿದ್ದರೂ ಕ್ಷಮಿಸುತ್ತಿದ್ದರು, ಅಂಥ ಮನುಷ್ಯ. ನಾನು ಇನ್ನೂ ಕ್ಷಮಿಸಿಲ್ಲ.

ಅಕ್ಟೋಬರ್ ೩, ಶುಕ್ರವಾರ

ಇವರು ಹೊರಡುವ ಹೊತ್ತಿಗೆ ದಿನಾ ನಡುಮನೆಯಲ್ಲಿ ಆಗುತ್ತಿದ್ದ ಬೆಲ್ ಇವತ್ತು ಆಗಲಿಲ್ಲ. ಎದ್ದು ಕೂತು ಕಾದೆ. ಅತ್ತೆಯೂ ಎದ್ದು ಕೂತಿದ್ದರು. "ಓದ ಕಣಮ್ಮಿ. ವರ್ತನೆ ಮುಗೀತಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಾಲು ಕಾಯಿಸಲು ಹೋದರು. ಕಾಫಿ ನನ್ನ ಲೋಟದಲ್ಲಿ ಬಂತು.

ಹೋಗಲಿ ಎಂದೇ ಇಷ್ಟೆಲ್ಲ ಮಾಡಿದ್ದು. ಹೋದರು ಎಂದಾಗ ತಡೆದುಕೊಳ್ಳಲು ಆಗುತ್ತಿಲ್ಲ. ಅವರನ್ನು ನಾನೇ ಕಳಿಸಿಬಿಟ್ಟೆ. ಸೈಕಲ್ಲಿನ ಹತ್ತಿರ ಹೋಗಿ ಬೆಲ್ಲಿನ ಮೇಲೆ ಕೈಯಿಟ್ಟೆ. ಬರೀ ಕಬ್ಬಿಣ, ತಣ್ಣಗಿತ್ತು.

ಅಕ್ಟೋಬರ್ ೬, ಸೋಮವಾರ

ಟೋಪಿ ಮನೆಯಲ್ಲೇ ಬಿಟ್ಟು ಹೋದೆ. ಬೇಕೆಂದು ಬಿಟ್ಟೆನೋ, ಮರೆತೆನೋ. ಚೀಲದಲ್ಲಿ ಹುಡುಕಲಿಲ್ಲ ಎನ್ನುವುದು ನಿಜ. ದಾರಿಯಲ್ಲಿ ಹಾಲಿನ ಡೈರಿಯವರು ನೋಡಿದರು, ವಾಕಿಂಗ್ ಹೋಗುವವರು ನೋಡಿದರು. ಒಬ್ಬರು ಮುಖ ತಿರುಗಿಸಿಕೊಂಡರು. ನಾಳೆ ಎಷ್ಟು ಮನೆಯವರು ಹೂ ಬೇಡ ಎನ್ನುತ್ತಾರೋ ಗೊತ್ತಿಲ್ಲ.

ಸೋಮಮ್ಮನ ಮನೆಯ ಮುಂದೆ ಎರಡು ಸಲ ಬೆಲ್ ಹೊಡೆದು, ಹೂ ಕೈಯಲ್ಲೇ ಹಿಡಿದು ನಿಂತೆ. ಬಾಗಿಲು ತಕ್ಷಣ ತೆರೆಯಿತು. ಅಷ್ಟರಲ್ಲಾಗಲೇ ಬೆಳಕಿತ್ತು. ಅವಳು ನನ್ನ ಮುಖ ನೋಡಿದಳು, ಬೋಳು ಹಣೆ ನೋಡಿದಳು, ಸೈಕಲ್ ನೋಡಿದಳು. ನೋಡ ನೋಡುತ್ತ ಅವಳಿಗೆ ಎಲ್ಲ ಅರ್ಥವಾಯಿತು.

"ನೀನಾ?" ಎಂದಳು.

"ನಾನೇ. ಅವತ್ತೂ ನಾನೇ. ಅಷ್ಟು ದಿನಾನೂ ನಾನೇ" ಎಂದೆ.

ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಹಾಕಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ಒಂದು ಕೈ ತಾಳಿಯ ಮೇಲೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಆ ಕೈ ಕೆಳಗಿಳಿದು ಸೆರಗು ಹಿಡಿಯಿತು. ಎರಡೂ ಕೈಯಲ್ಲಿ ಸೆರಗು ಒಡ್ಡಿ, ಹೊಸಿಲು ದಾಟಿ ಆಚೆ ಬಂದಳು.

ಹೂ ಹಾಕಿದೆ.

ಜಗಲಿ ಒಡೆಸಬೇಡಿ ಎಂದೆ. ಆಗಲಿ ಎಂದು ತಲೆಯಾಡಿಸಿದಳು. ಇನ್ನೂ ಹೋಗಬೇಕಾದ ಮನೆಗಳಿದ್ದವು, ಹೊತ್ತಾಗಿತ್ತು, ಹೊರಟೆ.